ಇಪ್ಪತ್ತೆರಡು ಅಕ್ಷರಗಳ ಅಧಿಕಾರ



ಮನುಷ್ಯನ ಜೀನೋಮಿನ ಮೊದಲ ಕರಡು 2001ರಲ್ಲಿ ಪ್ರಕಟವಾದಾಗ ಅನೇಕ ಜೀವವಿಜ್ಞಾನಿಗಳಿಗೆ ಸಣ್ಣ ಮುಖಭಂಗವಾಯಿತು. ನಮ್ಮಂಥ ಬುದ್ಧಿವಂತ ಪ್ರಾಣಿಗೆ ಲಕ್ಷ ಜೀನ್‌ಗಳಾದರೂ ಬೇಕು ಎಂದು ಹಲವರು ಲೆಕ್ಕ ಹಾಕಿಕೊಂಡಿದ್ದರು. ಸಿಕ್ಕಿದ್ದು ಮೂವತ್ತು ಸಾವಿರದ ಆಸುಪಾಸು. ಎಣಿಕೆ ಬಿಗಿಯಾದಂತೆಲ್ಲ ಅದೂ ಇಳಿಯುತ್ತ ಬಂದು, ಪ್ರೋಟೀನ್ ತಯಾರಿಸುವ ಜೀನ್‌ಗಳ ಸಂಖ್ಯೆ ಈಗ ಸುಮಾರು 20,000ಕ್ಕೆ ನಿಂತಿದೆ. ಕೊಳೆತ ಹಣ್ಣಿನಲ್ಲಿ, ಗೊಬ್ಬರದಲ್ಲಿ ಬದುಕುವ, ಒಂದು ಮಿಲಿಮೀಟರ್ ಉದ್ದದ ದುಂಡುಹುಳು ಸೀನೊರಾಬ್ಡೈಟಿಸ್ ಎಲೆಗನ್ಸ್‌ಗೂ ಹೆಚ್ಚುಕಡಿಮೆ ಅಷ್ಟೇ ಇವೆ. ಆ ಹುಳುವಿನ ಮೈಯಲ್ಲಿ, ಸಂತಾನಕ್ಕೆಂದು ಮೀಸಲಾದ ಕೋಶಗಳನ್ನು ಬಿಟ್ಟರೆ, ಇರುವುದೇ 959 ಕೋಶ.

ಇನ್ನೊಂದು ಲೆಕ್ಕವೂ ಇದೆ. ನಮ್ಮ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಅದರಲ್ಲಿ ಪ್ರೋಟೀನಿನ ಒಕ್ಕಣೆ ಇರುವುದು ನೂರಕ್ಕೆ ಎರಡಕ್ಕಿಂತ ಕಡಿಮೆ ಭಾಗದಲ್ಲಿ. ಹಾಗೆಂದು ಉಳಿದ ಭಾಗ ಸುಮ್ಮನೆ ಕೂತಿಲ್ಲ. ಅದರ ದೊಡ್ಡ ಪಾಲು ಯಾವುದಾದರೊಂದು ಕೋಶದಲ್ಲಿ, ಯಾವುದಾದರೊಂದು ಹೊತ್ತಿನಲ್ಲಿ ಆರ್‌ಎನ್‌ಎ ಆಗಿ ನಕಲಾಗುತ್ತದೆ. ಪ್ರೋಟೀನ್ ಆಗದ ಈ ಆರ್‌ಎನ್‌ಎಗಳಲ್ಲಿ ಕೆಲವು ಬೇರೆ ಜೀನ್‌ಗಳ ಮೇಲೆ ಹತೋಟಿ ಇಟ್ಟುಕೊಂಡಿವೆ. ಇವತ್ತಿನ ನನ್ನ ವಿಷಯ ಅದೇ. ಬೆಟ್ಟದಷ್ಟಿರುವ ಸಂಗತಿಗಳನ್ನು ಒಂದು ಗಂಟೆಯಲ್ಲಿ ಹೇಳಿ ಮುಗಿಸುವ ಹಟ ನನಗಿಲ್ಲ. ನಾಲ್ಕಾರು ಆರ್‌ಎನ್‌ಎಗಳನ್ನು ಹತ್ತಿರದಿಂದ ನೋಡೋಣ. ನನ್ನ ಪಕ್ಷಪಾತವನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಯಾವ ಆರ್‌ಎನ್‌ಎಗೂ ಪುಗಸಟ್ಟೆ ಗೌರವ ಸಲ್ಲಬಾರದು. ಅದನ್ನು ತೆಗೆದುಹಾಕಿದರೆ ಪ್ರಾಣಿಗೋ ಗಿಡಕ್ಕೋ ಏನು ಕೊರತೆಯಾಗುತ್ತದೆ ಎಂದು ಯಾರಾದರೂ ಮಾಡಿ ತೋರಿಸಿದ ಮೇಲೆ ಅದಕ್ಕೆ ಕೆಲಸವಿದೆ ಎಂದು ಒಪ್ಪೋಣ.

ವಿಜ್ಞಾನದ ಹಿನ್ನೆಲೆ ಇಲ್ಲದವರೂ ಈ ಸಭೆಯಲ್ಲಿದ್ದೀರಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮನ್ನು ನೆನೆಸಿಕೊಳ್ಳಿ. ಮೂಲ ಕಡತ ಹೊರಗೆ ಬರುವುದಿಲ್ಲ, ಅರ್ಜಿ ಹಾಕಿದವರಿಗೆ ನಕಲು ಸಿಗುತ್ತದೆ, ಮುಂದಿನ ವ್ಯವಹಾರವೆಲ್ಲ ಆ ನಕಲಿನ ಮೇಲೆ. ಕೋಶಕೇಂದ್ರದೊಳಗಿನ ಡಿಎನ್‌ಎ ಮೂಲ ಕಡತ. ಹೊರಗೆ ಹೋಗುವ ನಕಲು ಸಂದೇಶವಾಹಕ ಆರ್‌ಎನ್‌ಎ, ಕೋವಿಡ್ ಲಸಿಕೆಯ ದೆಸೆಯಿಂದ ಈಗ ಎಲ್ಲರಿಗೂ ಗೊತ್ತಿರುವ ಎಂಆರ್‌ಎನ್‌ಎ. ರೈಬೋಸೋಮ್ ಎಂಬ ಯಂತ್ರ ಆ ನಕಲನ್ನು ಓದಿ ಪ್ರೋಟೀನ್ ಕಟ್ಟುತ್ತದೆ. ಲಿವರಿನ ಕೋಶಕ್ಕೂ ಕಣ್ಣಿನ ಕೋಶಕ್ಕೂ ಕಡತ ಒಂದೇ. ಯಾವ ಪುಟದ ನಕಲು, ಎಷ್ಟು ಪ್ರತಿ, ಎಷ್ಟು ಕಾಲ ಚಲಾವಣೆಯಲ್ಲಿ ಇರಬೇಕು ಎಂಬುದರಲ್ಲೇ ವ್ಯತ್ಯಾಸ. ಜೀನ್‌ಗಳ ನಿಯಂತ್ರಣ ಎಂದರೆ ಇದು.

ಪ್ರೋಟೀನ್ ಆಗದ ಆರ್‌ಎನ್‌ಎ ಇದೆ ಎನ್ನುವುದೇ ಹೊಸ ಸುದ್ದಿಯಲ್ಲ. ಅಮೈನೋ ಆಮ್ಲಗಳನ್ನು ಹೊತ್ತು ತರುವ ಟಿಆರ್‌ಎನ್‌ಎ ಅಂಥದ್ದು; ಹರ್‌ಗೋಬಿಂದ್ ಖೊರಾನಾ ಅವರು ಪ್ರಯೋಗಾಲಯದಲ್ಲಿ ಕಟ್ಟಿದ ಮೊದಲ ಕೃತಕ ಜೀನ್ ಒಂದು ಟಿಆರ್‌ಎನ್‌ಎಯದು. ರೈಬೋಸೋಮಿನ ಒಡಲೂ ಬಹುಪಾಲು ಆರ್‌ಎನ್‌ಎಯೇ. ಅದರ ರಚನೆ ಬಿಡಿಸಿದ್ದಕ್ಕಾಗಿ 2009ರಲ್ಲಿ ವೆಂಕಟರಾಮನ್ ರಾಮಕೃಷ್ಣನ್ ಮತ್ತಿಬ್ಬರೊಂದಿಗೆ ನೊಬೆಲ್ ಪಡೆದರು. ಆದರೆ ಇವೆಲ್ಲ ಕಾರ್ಖಾನೆಯ ಕೆಲಸಗಾರರು. ಯಾವುದು ನಡೆಯಬೇಕು, ಯಾವುದು ನಿಲ್ಲಬೇಕು ಎಂದು ಹೇಳುವ ಅಧಿಕಾರ ಆರ್‌ಎನ್‌ಎಗೆ ಇರಬಹುದೆಂದು ಯಾರಿಗಾದರೂ ಹೊಳೆದಿತ್ತೇ?

ಹೊಳೆದಿತ್ತು. ಪಿಯುಸಿಯಲ್ಲಿ ಲ್ಯಾಕ್ ಓಪೆರಾನ್ ಬಾಯಿಪಾಠ ಮಾಡಿದವರಿಗೆ ಫ್ರಾನ್ಸ್‌ನ ಜಾಕೋಬ್ ಮತ್ತು ಮೊನೊ ಹೆಸರು ನೆನಪಿರುತ್ತದೆ. ಜೀನನ್ನು ತಡೆಹಿಡಿಯುವ ‘ರಿಪ್ರೆಸರ್’ ಎಂಬುದೊಂದು ಇದೆ ಎಂದು 1961ರಲ್ಲಿ ಅವರು ವಾದಿಸಿದಾಗ, ಅದು ಆರ್‌ಎನ್‌ಎ ಇರಬಹುದು ಎಂದೇ ಊಹಿಸಿದ್ದರು. 1966ರಲ್ಲಿ ಗಿಲ್ಬರ್ಟ್ ಮತ್ತು ಮುಲ್ಲರ್-ಹಿಲ್ ಅದನ್ನು ಹಿಡಿದು ನೋಡಿದರೆ, ಪ್ರೋಟೀನ್. ಅಲ್ಲಿಗೆ ಆ ಊಹೆ ಪಠ್ಯಪುಸ್ತಕಗಳಿಂದ ಮಾಯವಾಯಿತು. ಬ್ಯಾಕ್ಟೀರಿಯಾದ ಒಂದು ಸ್ವಿಚ್ಚಿನ ವಿಷಯದಲ್ಲಿ ಸಿಕ್ಕ ಸರಿಯಾದ ಉತ್ತರವನ್ನು ಇಡೀ ಜೀವಲೋಕಕ್ಕೆ ಹಚ್ಚಿಬಿಟ್ಟರು. ಮೂರು ದಶಕ ‘ನಿಯಂತ್ರಣ ಎಂದರೆ ಪ್ರೋಟೀನು’ ಎಂಬ ಮಾತು ಪ್ರಶ್ನೆಯಿಲ್ಲದೆ ನಡೆಯಿತು.

ಮತ್ತೆ ಬಾಗಿಲು ತೆರೆದದ್ದು ಮೊದಲು ಹೇಳಿದ ಆ ದುಂಡುಹುಳು. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಿಡ್ನಿ ಬ್ರೆನರ್ ಈ ಹುಳುವನ್ನು ಸಂಶೋಧನೆಗೆ ಆರಿಸಿಕೊಂಡ ಕಾರಣ ಸರಳ. ಮೈ ಪಾರದರ್ಶಕ, ಸೂಕ್ಷ್ಮದರ್ಶಕದಡಿ ಇಟ್ಟರೆ ಒಳಗಿನ ಒಂದೊಂದು ಕೋಶವೂ ಕಾಣುತ್ತದೆ. ಮೊಟ್ಟೆ ಮೂರ್ನಾಲ್ಕು ದಿನದಲ್ಲಿ ಬೆಳೆದ ಹುಳುವಾಗುತ್ತದೆ. ನಡುವೆ ನಾಲ್ಕು ಮರಿಹಂತಗಳು, ಪ್ರತಿ ಹಂತದಲ್ಲೂ ಯಾವ ಕೋಶ ಎಷ್ಟು ಸಲ ಒಡೆಯಬೇಕು ಎಂಬುದು ನಿಗದಿ. ಈ ವೇಳಾಪಟ್ಟಿ ಕೆಟ್ಟ ಒಂದು ರೂಪಾಂತರಿ ತಳಿ ಇತ್ತು, ಅದರ ಹೆಸರು ಲಿನ್-4. ಅದು ಮೊದಲ ಹಂತದ ಕೋಶವಿಭಜನೆಯನ್ನೇ ಮತ್ತೆ ಮತ್ತೆ ಮಾಡುತ್ತಿತ್ತು. ಮೈ ಉದ್ದಕ್ಕೆ ಬೆಳೆಯುತ್ತಿತ್ತು, ಆದರೆ ಮೊಟ್ಟೆ ಹೊರಹಾಕುವ ದ್ವಾರವೇ ಮೂಡುತ್ತಿರಲಿಲ್ಲ. ಮೊಟ್ಟೆಗಳು ತಾಯಿಯ ಹೊಟ್ಟೆಯೊಳಗೇ ಒಡೆದು, ಮರಿಗಳು ಅಲ್ಲೇ ಹೊರಳಾಡಿ, ತಾಯಿಯನ್ನೇ ತಿಂದು ಹೊರಬರುತ್ತಿದ್ದವು. ಲಿನ್-14 ಎಂಬ ಇನ್ನೊಂದು ಜೀನ್ ಕೆಟ್ಟರೆ ಇದಕ್ಕೆ ತದ್ವಿರುದ್ಧ: ಹುಳು ಮೊದಲ ಹಂತವನ್ನೇ ಹಾರಿಬಿಡುತ್ತಿತ್ತು. ಎಂಐಟಿಯ ರಾಬರ್ಟ್ ಹಾರ್ವಿಟ್ಜ್ ಅವರ ಪ್ರಯೋಗಾಲಯದಲ್ಲಿ ಜೊತೆಯಾಗಿದ್ದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಈ ಎರಡರ ನಡುವೆ ಏನೋ ನಂಟಿದೆ ಎಂದು ಅಲ್ಲೇ ಗುರುತಿಸಿದ್ದರು. ಆಂಬ್ರೋಸ್ ಲೆಕ್ಕದ ಪ್ರಕಾರ ಲಿನ್-4, ಲಿನ್-14ನ್ನು ಅದುಮಿ ಇಡುತ್ತದೆ. ಹೇಗೆ ಎಂಬುದು ತಿಳಿಯದು. ಇಬ್ಬರೂ ಸ್ವಂತ ಪ್ರಯೋಗಾಲಯ ಕಟ್ಟಿಕೊಂಡಾಗ ಆಂಬ್ರೋಸ್ ಲಿನ್-4ರ ಬೆನ್ನು ಹತ್ತಿದರು, ರವ್ಕನ್ ಲಿನ್-14ರ ಬೆನ್ನು.

ಲಿನ್-4ನ್ನು ಹಿಡಿಯಲು ವರ್ಷಗಳೇ ಬೇಕಾದವು. ಆಂಬ್ರೋಸ್ ಅವರ ಪತ್ನಿ ರೋಸಲಿಂಡ್ ಲೀ ಮತ್ತು ರೋಂಡಾ ಫೈನ್‌ಬಾಮ್ ಡಿಎನ್‌ಎಯನ್ನು ತುಂಡು ತುಂಡು ಮಾಡಿ, ಯಾವ ತುಂಡು ಸೇರಿಸಿದರೆ ಕೆಟ್ಟ ಹುಳು ಸರಿಹೋಗುತ್ತದೆ ಎಂದು ನೋಡುತ್ತ ಹೋದರು. ತುಂಡು ಕಿರಿದಾಗುತ್ತ ಸುಮಾರು 700 ಅಕ್ಷರಕ್ಕೆ ಇಳಿಯಿತು. ಹುಳು ಆಗಲೂ ಸರಿಹೋಗುತ್ತಿತ್ತು. ಅಷ್ಟು ಚಿಕ್ಕ ಜಾಗದಲ್ಲಿ ಪ್ರೋಟೀನ್ ಎಲ್ಲಿ ಅಡಗಿದೆ? ಇದ್ದರೆ ಕೆಡಲಿ ಎಂದು, ಓದುವ ಸಾಲು ಅಡ್ಡಾದಿಡ್ಡಿಯಾಗುವಂತೆ ನಡುವೆ ಅಕ್ಷರ ಬದಲಿಸಿದರು. ಪ್ರೋಟೀನ್ ಇದ್ದಿದ್ದರೆ ಅದು ಹಾಳಾಗಲೇಬೇಕಿತ್ತು. ಹುಳು ಮಾತ್ರ ಆರಾಮವಾಗಿತ್ತು. ಕೊನೆಗೆ ಆರ್‌ಎನ್‌ಎಯನ್ನೇ ಜೆಲ್ ಮೇಲೆ ಓಡಿಸಿ ನೋಡಿದಾಗ ಕಂಡದ್ದು ಎರಡು ಸಣ್ಣ ಪಟ್ಟೆ: ಒಂದು 61 ಅಕ್ಷರದ್ದು, ಇನ್ನೊಂದು ಬರೀ 22. ಸಾಮಾನ್ಯ ಜೆಲ್ಲಿನಲ್ಲಾದರೆ ಅಷ್ಟು ಗಿಡ್ಡ ಆರ್‌ಎನ್‌ಎ ತುದಿ ದಾಟಿ ಬಫರಿನೊಳಗೆ ಬಿದ್ದುಹೋಗಿರುತ್ತಿತ್ತು. ಎಷ್ಟು ಪ್ರಯೋಗಾಲಯಗಳಲ್ಲಿ ಇಂಥವು ಹೀಗೆ ಚರಂಡಿ ಪಾಲಾಗಿದ್ದಾವೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅತ್ತ ರವ್ಕನ್ ಬಳಿ ಇನ್ನೊಂದು ವಿಚಿತ್ರ. ಲಿನ್-14ರ ಎಂಆರ್‌ಎನ್‌ಎ ಪ್ರಮಾಣ ಹೆಚ್ಚೇನೂ ಇಳಿದಂತೆ ಕಾಣುತ್ತಿರಲಿಲ್ಲ, ಪ್ರೋಟೀನ್ ಮಾತ್ರ ಮಾಯವಾಗುತ್ತಿತ್ತು. ಎಂಆರ್‌ಎನ್‌ಎಯ ಬಾಲ, ಅಂದರೆ ಪ್ರೋಟೀನಿನ ಒಕ್ಕಣೆ ಮುಗಿದ ಮೇಲೂ ಮುಂದುವರಿಯುವ ಭಾಗ, ಕತ್ತರಿಸಿಹೋದ ಹುಳುಗಳಲ್ಲಿ ಲಿನ್-14 ಆರುತ್ತಲೇ ಇರಲಿಲ್ಲ. ಅಂದರೆ ‘ಇನ್ನು ಸಾಕು’ ಎಂಬ ಆಜ್ಞೆ ಬಂದು ಮುಟ್ಟುವುದು ಆ ಬಾಲಕ್ಕೆ. 1992ರ ಜೂನ್‌ನಲ್ಲಿ ಇಬ್ಬರೂ ತಮ್ಮ ತಮ್ಮ ಅಕ್ಷರಸಾಲುಗಳನ್ನು ವಿನಿಮಯ ಮಾಡಿಕೊಂಡರು. ಲಿನ್-4ರ 22 ಅಕ್ಷರಗಳು ಲಿನ್-14ರ ಬಾಲದಲ್ಲಿ ಏಳು ಕಡೆ, ಪೂರ್ತಿ ಅಲ್ಲದಿದ್ದರೂ ಸಾಕಷ್ಟು ಚೆನ್ನಾಗಿ, ಜೋಡಿಯಾಗಿ ಕೂಡುತ್ತಿದ್ದವು. ಒಂದು ಆರ್‌ಎನ್‌ಎ ಇನ್ನೊಂದು ಆರ್‌ಎನ್‌ಎಗೆ ಅಂಟಿಕೊಂಡು ಅದರ ಬಾಯಿ ಕಟ್ಟುತ್ತದೆ! 1993ರ ಡಿಸೆಂಬರಿನಲ್ಲಿ ‘ಸೆಲ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡೂ ಪ್ರಬಂಧಗಳು ಬಂದವು.

ಬಂದವು, ಅಷ್ಟೇ. ದೊಡ್ಡ ಗದ್ದಲವೇನೂ ಆಗಲಿಲ್ಲ. ಇಂಥದ್ದು ಬೇರೆ ಪ್ರಾಣಿಯಲ್ಲಿ ಇರುವುದು ಗೊತ್ತಿರಲಿಲ್ಲವಾದ್ದರಿಂದ, ಹುಳದ ಲೋಕದ ಒಂದು ಚಮತ್ಕಾರವೆಂದು ಜನ ಓದಿ ಬದಿಗಿಟ್ಟರು. ಏಳು ವರ್ಷ ಹೀಗೇ ಕಳೆಯಿತು. 2000ದಲ್ಲಿ ರವ್ಕನ್ ಗುಂಪಿಗೆ ಅದೇ ಹುಳುವಿನಲ್ಲಿ ಇನ್ನೊಂದು ಸಿಕ್ಕಿತು: ಲೆಟ್-7, 21 ಅಕ್ಷರ. ಈ ಸಲ ಅವರು ಸುಮ್ಮನಾಗದೆ ಬೇರೆ ಜೀವಿಗಳಲ್ಲೂ ಹುಡುಕಿದರು. ನೊಣದಲ್ಲಿ ಇತ್ತು, ಕಡಲ ಮುಳ್ಳುಚೆಂಡಿನಲ್ಲಿ ಇತ್ತು, ಮನುಷ್ಯನಲ್ಲೂ ಇತ್ತು, ಅಕ್ಷರ ಅಕ್ಷರ ಅದೇ. ಕೋಟ್ಯಂತರ ವರ್ಷ ಒಂದಕ್ಷರವೂ ಕದಲದೆ ಉಳಿದದ್ದೆಂದರೆ ಅದು ಕದಲಿದ ಪ್ರಾಣಿಗಳು ಉಳಿದಿಲ್ಲ ಎಂದರ್ಥ. ಮರುವರ್ಷವೇ ಮೂರು ಪ್ರಯೋಗಾಲಯಗಳು ಇಂಥವನ್ನು ಡಜನ್‌ಗಟ್ಟಲೆ ಹೆಕ್ಕಿ ತೆಗೆದವು. ಮೈಕ್ರೋ ಆರ್‌ಎನ್‌ಎ ಎಂಬ ಹೆಸರು ಆಗ ನೆಲೆಯಾಯಿತು. ಆಂಬ್ರೋಸ್ ಮತ್ತು ರವ್ಕನ್‌ಗೆ ನೊಬೆಲ್ ಬಂದದ್ದು 2024ರಲ್ಲಿ.

ಮೈಕ್ರೋ ಆರ್‌ಎನ್‌ಎ ತಯಾರಾಗುವ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. ಮೊದಲು ಉದ್ದನೆಯ ಆರ್‌ಎನ್‌ಎ ನಕಲಾಗುತ್ತದೆ. ಅದರ ಒಂದು ಭಾಗ ತನ್ನ ಮೇಲೆ ತಾನೇ ಮಡಚಿ ಹೇರ್‌ಪಿನ್ನಿನ ಆಕಾರ ತಾಳುತ್ತದೆ. ಕೋಶಕೇಂದ್ರದೊಳಗೆ ಡ್ರೋಶಾ ಎಂಬ ಕಿಣ್ವ ಆ ಭಾಗವನ್ನು ಕತ್ತರಿಸುತ್ತದೆ. ಹೊರಗೆ ಬಂದ ಮೇಲೆ ಡೈಸರ್ ಎಂಬ ಇನ್ನೊಂದು ಕಿಣ್ವ ಮಡಿಕೆಯನ್ನು ಸವರಿ ಸುಮಾರು 22 ಅಕ್ಷರ ಉಳಿಸುತ್ತದೆ. ಆ ತುಣುಕು ಆರ್ಗೊನಾಟ್ ಎಂಬ ಪ್ರೋಟೀನಿನ ಹಿಡಿಯಲ್ಲಿ ಕೂತು ಎಂಆರ್‌ಎನ್‌ಎಗಳ ಬಾಲಗಳನ್ನು ತಡಕುತ್ತ ಹೋಗುತ್ತದೆ. ಹೊಂದಾಣಿಕೆಗೆ ಮುಖ್ಯವಾಗಿ ಬೇಕಾದ್ದು 2ರಿಂದ 8ನೆಯ ಅಕ್ಷರದವರೆಗಿನ ಏಳು ಅಕ್ಷರ. ಸಿಕ್ಕಿದರೆ ಆ ಎಂಆರ್‌ಎನ್‌ಎಯ ಓದು ನಿಧಾನವಾಗುತ್ತದೆ, ಬೇಗ ಕೊಳೆತೂ ಹೋಗುತ್ತದೆ. ಏಳೇ ಅಕ್ಷರ ಸಾಕಾದ್ದರಿಂದ ಒಂದು ಮೈಕ್ರೋ ಆರ್‌ಎನ್‌ಎ ನೂರಾರು ಜೀನ್‌ಗಳನ್ನು ಮುಟ್ಟಬಲ್ಲದು. ಮನುಷ್ಯನ ಅರ್ಧಕ್ಕಿಂತ ಹೆಚ್ಚು ಜೀನ್‌ಗಳ ಬಾಲದಲ್ಲಿ ಇವು ಕೂರಲು ಜಾಗವಿದೆ ಎಂಬುದು ಅಂದಾಜು. ಪತ್ರಿಕೆಗಳು ಇವನ್ನು ಸ್ವಿಚ್ ಎಂದು ಕರೆಯುವುದುಂಟು. ನನಗೆ ಒಪ್ಪಿಗೆಯಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಇವು ಪ್ರೋಟೀನಿನ ಪ್ರಮಾಣವನ್ನು ಅಷ್ಟಿಷ್ಟು ತಗ್ಗಿಸುತ್ತವೆ, ಆರಿಸುವುದಿಲ್ಲ.

ಅಷ್ಟಿಷ್ಟು ತಗ್ಗಿದರೆ ಏನಾಗಿಬಿಡುತ್ತದೆ ಎನ್ನುವವರಿಗೆ ಟೆಕ್ಸೆಲ್ ಕುರಿ ತೋರಿಸಬೇಕು. ನೆದರ್‌ಲೆಂಡ್ಸ್ ಮೂಲದ ಈ ಕುರಿಯ ತೊಡೆ, ಪೃಷ್ಠಗಳಲ್ಲಿ ಮಾಂಸ ತುಂಬಿ ತುಳುಕುತ್ತದೆ. ಸ್ನಾಯು ಅತಿಯಾಗಿ ಬೆಳೆಯದಂತೆ ತಡೆಯುವ ಮಯೋಸ್ಟ್ಯಾಟಿನ್ ಎಂಬ ಪ್ರೋಟೀನ್ ಎಲ್ಲ ಕುರಿಗಳಲ್ಲಿ ಇರುವಂತೆ ಇದರಲ್ಲೂ ಇದೆ, ಅದರಲ್ಲಿ ಐಬೇನೂ ಇಲ್ಲ. ಬೆಲ್ಜಿಯಮ್ಮಿನ ಲಿಯೇಜ್ ವಿಶ್ವವಿದ್ಯಾಲಯದ ಗುಂಪು 2006ರಲ್ಲಿ ಕಂಡುಕೊಂಡದ್ದು ಇಷ್ಟು: ಆ ಜೀನಿನ ಎಂಆರ್‌ಎನ್‌ಎ ಬಾಲದಲ್ಲಿ ಒಂದೇ ಒಂದು ‘ಜಿ’ ಅಕ್ಷರ ‘ಎ’ ಆಗಿದೆ. ಸ್ನಾಯುವಿನಲ್ಲಿ ಹೇರಳವಾಗಿರುವ ಎರಡು ಮೈಕ್ರೋ ಆರ್‌ಎನ್‌ಎಗಳಿಗೆ ಅದರಿಂದ ಹೊಸದಾಗಿ ಕೂರಲು ಜಾಗ ಸಿಕ್ಕಿದೆ. ಮಯೋಸ್ಟ್ಯಾಟಿನ್ ಕಡಿಮೆ ತಯಾರಾಗುತ್ತದೆ, ಸ್ನಾಯು ಉಬ್ಬುತ್ತದೆ. ರೈತರು ತಲೆಮಾರುಗಳಿಂದ ದಷ್ಟಪುಷ್ಟ ಟಗರು ಎಂದು ಆರಿಸಿಕೊಂಡು ಬಂದದ್ದರಲ್ಲಿ ಈ ಒಂದು ಅಕ್ಷರವೂ ಸೇರಿತ್ತು.

ನಮ್ಮ ಭತ್ತದಲ್ಲೂ ಇಂಥದ್ದೊಂದು ಇದೆ, ಅದು ಗೊತ್ತಾದದ್ದು ಬೆಂಗಳೂರಿನಲ್ಲಿ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಪಿ.ವಿ. ಶಿವಪ್ರಸಾದ್ ಅವರ ಗುಂಪು ಕಾಡುಭತ್ತಕ್ಕೂ ಬೇಸಾಯದ ಇಂಡಿಕಾ ತಳಿಗಳಿಗೂ ಇರುವ ಸಣ್ಣ ಆರ್‌ಎನ್‌ಎಗಳನ್ನು ಹೋಲಿಸಿ 2018ರಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಗಿಡದ ಗಡಸುತನಕ್ಕೆ ಸಂಬಂಧಿಸಿದ ಲ್ಯಾಕೇಸ್ ಕಿಣ್ವಗಳನ್ನು ಹತೋಟಿಯಲ್ಲಿಡುವ ಎಂಐಆರ್-397 ಎಂಬ ಮೈಕ್ರೋ ಆರ್‌ಎನ್‌ಎ ಕಾಡುಭತ್ತದಲ್ಲಿ ಹೆಚ್ಚು, ನಾಟಿ ಮಾಡುವ ಭತ್ತದಲ್ಲಿ ಕಡಿಮೆ. ಬೇಸಾಯದ ಭತ್ತದಲ್ಲಿ ಅದನ್ನು ಬೇಕೆಂದೇ ಹೆಚ್ಚಿಸಿದಾಗ ಕಾಡುಭತ್ತದ ಕೆಲವು ಲಕ್ಷಣಗಳು ಮತ್ತೆ ತಲೆ ಎತ್ತಿದವು. ನಮ್ಮ ಪೂರ್ವಿಕರು ಕಾಳು ನೋಡಿ, ತೆನೆ ನೋಡಿ ಬೀಜ ಎತ್ತಿಟ್ಟುಕೊಳ್ಳುತ್ತಿದ್ದಾಗ, ತಮಗೆ ತಿಳಿಯದೆಯೇ ಒಂದು ಮೈಕ್ರೋ ಆರ್‌ಎನ್‌ಎಯನ್ನು ತಗ್ಗಿಸುತ್ತಿದ್ದರು.

ಗಿಡಗಳ ಮಾತು ಬಂದದ್ದರಿಂದ ಪಪ್ಪಾಯಿಗೂ ಬರಬೇಕು. ತೋಟ ಮಾಡಿದವರಿಗೆ ರಿಂಗ್‌ಸ್ಪಾಟ್ ವೈರಸ್ ಏನೆಂದು ಗೊತ್ತು: ಎಲೆ ಹಳದಿಯಾಗಿ ಮುರುಟಿ, ಕಾಯಿ ಮೇಲೆ ಉಂಗುರದಂಥ ಕಲೆ ಬಿದ್ದು, ಸಸ್ಯಹೇನುಗಳ ಮೂಲಕ ಗಿಡದಿಂದ ಗಿಡಕ್ಕೆ ಹರಡಿ, ತೋಟ ಕೈಬಿಡುತ್ತದೆ. ಹವಾಯಿ ದ್ವೀಪದ ಪುನಾ ಪ್ರದೇಶಕ್ಕೆ 1992ರಲ್ಲಿ ಇದು ಕಾಲಿಟ್ಟಾಗ ಅಲ್ಲಿನ ಬೆಳೆಗಾರರು ಕಂಗಾಲಾದರು. ಡೆನಿಸ್ ಗೊನ್ಸಾಲ್ವೆಸ್ ಮತ್ತು ಸಂಗಡಿಗರು ಆ ವೈರಸ್ಸಿನ ಹೊರಕವಚದ ಜೀನನ್ನೇ ಪಪ್ಪಾಯಿಯೊಳಗೆ ಸೇರಿಸಿ ತಯಾರಿಸಿದ ‘ರೇನ್‌ಬೋ’ ತಳಿ 1998ರಲ್ಲಿ ರೈತರ ಕೈಸೇರಿತು. ರೋಗ ನಿಂತಿತು. ಆ ಕವಚದ ಪ್ರೋಟೀನ್ ಗಿಡವನ್ನು ಕಾಪಾಡುತ್ತದೆ ಎಂಬುದು ಮೊದಲ ಲೆಕ್ಕಾಚಾರವಾಗಿತ್ತು. ನಿಜವಾಗಿ ಕಾಪಾಡಿದ್ದು ಆರ್‌ಎನ್‌ಎ. ಸೇರಿಸಿದ ಜೀನಿನಿಂದ ಹುಟ್ಟಿದ ಆರ್‌ಎನ್‌ಎಯನ್ನು ಗಿಡ ಚೂರು ಚೂರು ಮಾಡಿಕೊಂಡಿತ್ತು. ಅದೇ ಅಕ್ಷರಗಳನ್ನು ಹೊತ್ತ ವೈರಸ್ ಒಳಬಂದ ಕೂಡಲೇ ಆ ಚೂರುಗಳು ಗುರುತು ಹಿಡಿದು ಅದನ್ನೂ ಕತ್ತರಿಸಿಹಾಕಿದವು. ನಮ್ಮಲ್ಲಿ ಈ ತಳಿ ಬೇಸಾಯದಲ್ಲಿಲ್ಲ. ಇರಬೇಕೇ ಬೇಡವೇ ಎಂಬುದು ಇನ್ನೊಂದು ದಿನದ ಜಗಳ.

ಇಂಥದ್ದೇ ಒಗಟು 1990ರಲ್ಲಿ ಅಮೆರಿಕದ ರಿಚರ್ಡ್ ಜಾರ್ಗೆನ್ಸನ್ ಅವರ ಪೆಟೂನಿಯ ಹೂಗಳಲ್ಲಿ ಎದುರಾಗಿತ್ತು: ನೇರಳೆ ಇನ್ನೂ ಗಾಢವಾಗಲಿ ಎಂದು ಬಣ್ಣದ ಜೀನನ್ನು ಹೆಚ್ಚುವರಿ ಸೇರಿಸಿದರೆ ಹೂ ಬೆಳ್ಳಗಾಯಿತು. ಒಗಟು ಒಡೆದದ್ದು, ಬೇರೆ ಯಾವುದರಲ್ಲೂ ಅಲ್ಲ, ಮತ್ತದೇ ಹುಳುವಿನಲ್ಲಿ. ಜೋಡಿ ಎಳೆಯ ಆರ್‌ಎನ್‌ಎ ಒಳಹೋದರೆ ಅದಕ್ಕೆ ಹೊಂದುವ ಜೀನ್ ಮೌನವಾಗುತ್ತದೆ ಎಂದು ಆಂಡ್ರೂ ಫೈರ್ ಮತ್ತು ಕ್ರೆಗ್ ಮೆಲ್ಲೊ 1998ರಲ್ಲಿ ತೋರಿಸಿದರು. ಎಂಟೇ ವರ್ಷಕ್ಕೆ ಅವರಿಗೆ ನೊಬೆಲ್. ಗಿಡ್ಡ ಆರ್‌ಎನ್‌ಎಯನ್ನು ಮೊದಲು ಕಂಡ ಆಂಬ್ರೋಸ್ ಮತ್ತು ರವ್ಕನ್ ಅವರ ನಂತರ ಹದಿನೆಂಟು ವರ್ಷ ಕಾದರು. ಪ್ರಶಸ್ತಿಗಳ ಲೆಕ್ಕ ನಮಗೆ ತಿಳಿಯದು.

ಇಲ್ಲಿಯವರೆಗೆ ಹೇಳಿದ್ದು ಗಿಡ್ಡ ಆರ್‌ಎನ್‌ಎಗಳ ಸಮಾಚಾರ. ಉದ್ದನೆಯವುಗಳಲ್ಲಿ ದೊರೆಯಂಥದ್ದು ಎಕ್ಸಿಸ್ಟ್.

ಹೆಣ್ಣಿಗೆ ಎರಡು ಎಕ್ಸ್ ವರ್ಣತಂತು, ಗಂಡಿಗೆ ಒಂದು. ಎಕ್ಸ್‌ನಲ್ಲಿ ಸಾವಿರದ ಆಸುಪಾಸು ಜೀನ್‌ಗಳಿವೆ. ಹೆಣ್ಣಿನಲ್ಲಿ ಎರಡೂ ನಡೆದರೆ ಪ್ರಮಾಣ ದುಪ್ಪಟ್ಟಾಗಿ ಭ್ರೂಣವೇ ಉಳಿಯುವುದಿಲ್ಲ. ಹೆಣ್ಣಿನ ಪ್ರತಿ ಕೋಶದಲ್ಲೂ ಒಂದು ಎಕ್ಸ್ ಮುಚ್ಚಿಹೋಗುತ್ತದೆ ಎಂದು ಇಂಗ್ಲೆಂಡಿನ ಮೇರಿ ಲಯಾನ್ 1961ರಲ್ಲಿ ಹೇಳಿದರು. ತಂದೆಯದೋ ತಾಯಿಯದೋ ಎಂಬುದು ಭ್ರೂಣದ ಆರಂಭದಲ್ಲಿ ಕೋಶಕೋಶಕ್ಕೆ ಬೇರೆಯಾಗಿ ತೀರ್ಮಾನವಾಗುತ್ತದೆ, ಒಮ್ಮೆ ಆದ ತೀರ್ಮಾನ ಆ ಕೋಶದ ಸಂತತಿಗೆಲ್ಲ ಖಾಯಂ. ಬಿಳಿ, ಕಪ್ಪು, ಕಿತ್ತಳೆ ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ ಆಗಿರುವುದು ಇದಕ್ಕೆ. ಕಿತ್ತಳೆ ಬಣ್ಣದ ಹತೋಟಿ ಎಕ್ಸ್‌ನಲ್ಲಿದೆ. ಕಿತ್ತಳೆಯ ಎಕ್ಸ್ ತೆರೆದಿರುವ ಕೋಶಗಳು ಹಬ್ಬಿದಲ್ಲಿ ಕಿತ್ತಳೆ ಪಟ್ಟೆ, ಮುಚ್ಚಿದಲ್ಲಿ ಕಪ್ಪು ಪಟ್ಟೆ. ಬಿಳಿಗೆ ಬೇರೆ ಜೀನ್. 2001ರ ಕೊನೆಯಲ್ಲಿ ಟೆಕ್ಸಾಸ್‌ನಲ್ಲಿ ಇಂಥ ಬೆಕ್ಕೊಂದರ ತದ್ರೂಪು ಸೃಷ್ಟಿಸಿದಾಗ ಹುಟ್ಟಿದ ಮರಿಯ ಮೈಮೇಲೆ ಕಿತ್ತಳೆಯ ಸುಳಿವೇ ಇರಲಿಲ್ಲ. ಡಿಎನ್‌ಎ ಅದೇ, ತುಪ್ಪಳ ಬೇರೆ. ಸತ್ತ ಸಾಕುಬೆಕ್ಕನ್ನು ಮರಳಿ ಪಡೆಯುವ ಆಸೆಯಿಂದ ಹಣ ಕಟ್ಟಲು ಸಿದ್ಧರಿದ್ದವರಿಗೆ ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಬೇರೆ ಬೇಕಿರಲಿಲ್ಲ.

ಎಕ್ಸ್ ಮುಚ್ಚುವುದು ಯಾವುದು? 1991ರಲ್ಲಿ ಉತ್ತರ ಸಿಕ್ಕಿತು. ಮುಚ್ಚಿಹೋದ ಎಕ್ಸ್‌ನಿಂದ ಮಾತ್ರ ಹೊರಡುವ ಒಂದು ಆರ್‌ಎನ್‌ಎ ಇದೆ, ಅದೇ ಎಕ್ಸಿಸ್ಟ್. ಮನುಷ್ಯನಲ್ಲಿ ಅದರ ಉದ್ದ ಸುಮಾರು 17,000 ಅಕ್ಷರ. ಪ್ರೋಟೀನ್ ಆಗುವುದಿಲ್ಲ, ಕೋಶಕೇಂದ್ರ ಬಿಟ್ಟು ಹೊರಬರುವುದೂ ಇಲ್ಲ. ತಾನು ಹುಟ್ಟಿದ ವರ್ಣತಂತುವಿನ ಉದ್ದಕ್ಕೂ ಹಬ್ಬಿ ಅದನ್ನು ಹೊದ್ದುಕೊಳ್ಳುತ್ತದೆ. ಪಕ್ಕದಲ್ಲೇ ಇರುವ ಇನ್ನೊಂದು ಎಕ್ಸ್ ಅನ್ನು ಮುಟ್ಟುವುದಿಲ್ಲ. ಹೊದ್ದ ಮೇಲೆ ಸ್ಪೆನ್ ಎಂಬ ಪ್ರೋಟೀನನ್ನೂ ಇತರ ಸಹಾಯಕರನ್ನೂ ಬರಮಾಡಿಕೊಂಡು ಜೀನ್‌ಗಳನ್ನು ಒಂದೊಂದಾಗಿ ಮೌನಗೊಳಿಸುತ್ತದೆ; ಕೆಲವು ಮಾತ್ರ ತಪ್ಪಿಸಿಕೊಳ್ಳುತ್ತವೆ. ನಾನು ಮೊದಲು ಹೇಳಿದ ಪರೀಕ್ಷೆಯಲ್ಲಿ ಇದು ತೇರ್ಗಡೆಯಾದದ್ದು 1996ರಲ್ಲಿ: ಇಲಿಯ ಒಂದು ಎಕ್ಸ್‌ನಿಂದ ಎಕ್ಸಿಸ್ಟ್ ಅನ್ನು ಕಿತ್ತುಹಾಕಿದರೆ ಆ ಎಕ್ಸ್ ಮುಚ್ಚುವುದೇ ಇಲ್ಲ. 2013ರಲ್ಲಿ ಜೀನ್ ಲಾರೆನ್ಸ್ ಅವರ ಗುಂಪು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಯಿತು. ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೆಯ ವರ್ಣತಂತು ಮೂರು ಇರುತ್ತವಲ್ಲ, ಅಂಥವರ ಕೋಶಗಳನ್ನು ತೆಗೆದುಕೊಂಡು, ಹೆಚ್ಚಾಗಿರುವ ಆ ಒಂದು 21ರೊಳಗೆ ಎಕ್ಸಿಸ್ಟ್ ಜೀನನ್ನು ಕೂರಿಸಿದರು. ಎಕ್ಸ್‌ಗೆ ಸಂಬಂಧವೇ ಇಲ್ಲದ ಆ ವರ್ಣತಂತುವೂ ಮುಚ್ಚಿಕೊಂಡಿತು. ಇದು ಗಾಜಿನ ತಟ್ಟೆಯ ಕೋಶಗಳಲ್ಲಿ ಆದದ್ದು, ಚಿಕಿತ್ಸೆಯಲ್ಲ. ತಂದೆತಾಯಿಗಳಿಗೆ ಸುಳ್ಳು ಆಸೆ ಹುಟ್ಟಿಸುವುದು ಬೇಡ. ಆದರೆ ಒಂದು ಆರ್‌ಎನ್‌ಎಯ ತಾಕತ್ತಿಗೆ ಇನ್ನೇನು ಪುರಾವೆ ಬೇಕು?

ಈಗ ನಮ್ಮ ದೇಶದ್ದೇ ಒಂದು ಸಂಗತಿ, ಹೆಚ್ಚು ಜನರಿಗೆ ಗೊತ್ತಿಲ್ಲದ್ದು. ಪ್ರಾಣಿಶಾಸ್ತ್ರ ಓದಿದವರು ಹಣ್ಣುನೊಣ ಡ್ರೊಸೊಫಿಲದ ಪ್ರಾಕ್ಟಿಕಲ್ ಮಾಡಿಯೇ ಇರುತ್ತೀರಿ; ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅದರ ತಳಿಭಂಡಾರವೇ ಇದೆ. ಸೀಸೆಯ ಗೋಡೆ ಹತ್ತುತ್ತಿರುವ ಕೊಬ್ಬಿದ ಮರಿಹುಳು ಹಿಡಿದು, ಸ್ಲೈಡಿನ ಮೇಲೆ ಒಂದು ಹನಿ ಸಲೈನಿನಲ್ಲಿಟ್ಟು, ಒಂದು ಸೂಜಿಯಲ್ಲಿ ಮೈ ಒತ್ತಿ, ಇನ್ನೊಂದರಲ್ಲಿ ಬಾಯಿಯ ಕಪ್ಪು ಕೊಕ್ಕೆ ಹಿಡಿದು ಎಳೆದರೆ ಜೊಲ್ಲುಗ್ರಂಥಿಗಳ ಜೋಡಿ ಜಾರಿ ಬರುತ್ತದೆ. ಅಂಟಿಕೊಂಡ ಕೊಬ್ಬು ಬಿಡಿಸಿ, ಅಸಿಟೋ-ಆರ್ಸಿನ್ ಬಣ್ಣ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಬ್ಲಾಟಿಂಗ್ ಪೇಪರ್ ಮೇಲೆ ಹೆಬ್ಬೆರಳಿನಿಂದ ಒತ್ತಬೇಕು. ಒತ್ತುವಾಗ ಕವರ್‌ಸ್ಲಿಪ್ ಜರುಗಿತೋ, ಎಲ್ಲ ಹೋಯಿತು. ಜರುಗದಿದ್ದರೆ ಪಟ್ಟೆಪಟ್ಟೆಯ ದೈತ್ಯ ವರ್ಣತಂತುಗಳು ಕಾಣುತ್ತವೆ, ಅಲ್ಲಲ್ಲಿ ಉಬ್ಬು. ಜೀನ್ ಜೋರಾಗಿ ಕೆಲಸ ಮಾಡುತ್ತಿರುವ ಜಾಗವೇ ಉಬ್ಬು. ಮರಿಹುಳುವನ್ನು 37 ಡಿಗ್ರಿ ಬಿಸಿಯಲ್ಲಿಟ್ಟರೆ ಕೆಲವು ನಿರ್ದಿಷ್ಟ ಉಬ್ಬುಗಳು ಎದ್ದುನಿಲ್ಲುತ್ತವೆ. ಇಟಲಿಯ ರಿಟೊಸ್ಸಾ ಇದನ್ನು 1962ರಲ್ಲಿ ವರದಿ ಮಾಡಿದ್ದರು. ಆ ಉಬ್ಬುಗಳಿಂದ ಹುಟ್ಟುವ ಶಾಖಾಘಾತ ಪ್ರೋಟೀನ್‌ಗಳು ಮುಂದೆ ಪ್ರಸಿದ್ಧವಾದವು.

ಆ ಉಬ್ಬುಗಳಲ್ಲಿ 93ಡಿ ಎಂಬುದು ಒಂದು. ಬೆಂಜಮೈಡ್ ಎಂಬ ರಾಸಾಯನಿಕ ಕೊಟ್ಟರೆ ಬೇರಾವುದೂ ಏಳದೆ ಅದೊಂದೇ ಏಳುತ್ತದೆ ಎಂದು ಸುಭಾಷ್ ಚಂದ್ರ ಲಖೋಟಿಯಾ ಕಲ್ಕತ್ತದಲ್ಲಿ ಸಂಶೋಧನೆ ಮಾಡುತ್ತಿದ್ದಾಗಲೇ ಕಂಡಿದ್ದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಬಂದ ಮೇಲೆ ಅದರ ಪ್ರೋಟೀನ್ ಯಾವುದೆಂದು ಹುಡುಕಿದರು. 93ಡಿ ಒಂದನ್ನೇ ಎಬ್ಬಿಸಿ ನೋಡಿದರೂ ಹೊಸ ಪ್ರೋಟೀನ್ ಒಂದೂ ಕಾಣಲಿಲ್ಲ. ಕಾಣಲಿಲ್ಲ ಎಂಬುದನ್ನೇ 1982ರಲ್ಲಿ ಪ್ರಕಟಿಸಿದರು. ಲಿನ್-4ಕ್ಕಿಂತ ಹನ್ನೊಂದು ವರ್ಷ ಮೊದಲು, ಇಲ್ಲದ್ದನ್ನು ಇಲ್ಲ ಎಂದು ಬರೆಯಲು ಧೈರ್ಯ ಬೇಕಿತ್ತು. ಸಿಗದ ಪ್ರೋಟೀನನ್ನು ಉಪಕರಣದ ತಲೆಗೆ ಕಟ್ಟಿ ಬೇರೆ ವಿಷಯಕ್ಕೆ ಹೋಗಿಬಿಡುವುದು ಸುಲಭವಿತ್ತು. ಎಚ್‌ಎಸ್‌ಆರ್-ಒಮೇಗ ಎಂದು ಹೆಸರಾದ ಈ ಜೀನಿನ ಉದ್ದ ಆರ್‌ಎನ್‌ಎ ಕೋಶಕೇಂದ್ರದಲ್ಲೇ ಉಳಿದು, ಆರ್‌ಎನ್‌ಎ ಸಂಸ್ಕರಿಸುವ ಪ್ರೋಟೀನ್‌ಗಳನ್ನು ಚುಕ್ಕೆಚುಕ್ಕೆಯಾಗಿ ತನ್ನ ಸುತ್ತ ಕೂಡಿಹಾಕಿಕೊಳ್ಳುತ್ತದೆ ಎಂದು ಅವರ ಗುಂಪು 1999ರಲ್ಲಿ ತೋರಿಸಿತು. ಆ ಪ್ರಬಂಧ ಬಂದದ್ದು ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಬಿಸಿ ತಟ್ಟಿದಾಗ ಆ ಪ್ರೋಟೀನ್‌ಗಳು ಒಂದೆಡೆ ಗುಂಪುಗೂಡುತ್ತವೆ, ಬಿಸಿ ಇಳಿದ ಮೇಲೆ ತಂತಮ್ಮ ಜಾಗಕ್ಕೆ ಮರಳುತ್ತವೆ. ಈ ಆರ್‌ಎನ್‌ಎ ಇಲ್ಲದ ಕೋಶಗಳಲ್ಲಿ ಅವು ಸರಿಯಾಗಿ ಮರಳುವುದಿಲ್ಲ. ಉದ್ದ ಆರ್‌ಎನ್‌ಎಗಳ ಇತಿಹಾಸವನ್ನು ಎಕ್ಸಿಸ್ಟ್‌ನಿಂದ ಆರಂಭಿಸುವ ಲೇಖನಗಳನ್ನು ಓದಿದಾಗ ನನಗೆ ಸ್ವಲ್ಪ ಸಿಟ್ಟು ಬರುವುದು ಸಹಜ ತಾನೆ?

ಹಾಗಾದರೆ ನಕಲಾಗುವುದೆಲ್ಲ ಕೆಲಸದ್ದೇ? 2012ರಲ್ಲಿ ಎನ್‌ಕೋಡ್ ಎಂಬ ದೊಡ್ಡ ಯೋಜನೆ, ಜೀನೋಮಿನ ಶೇ. 80ರಷ್ಟು ಭಾಗಕ್ಕೆ ಏನಾದರೊಂದು ಜೀವರಾಸಾಯನಿಕ ಚಟುವಟಿಕೆ ಇದೆ ಎಂದು ಸಾರಿತು. ‘ಕಸದ ಡಿಎನ್‌ಎ’ ಎಂಬ ಮಾತಿಗೆ ತಿಲಾಂಜಲಿ ಎಂದು ಪತ್ರಿಕೆಗಳು ಬರೆದವು. ನನಗೆ ಅದು ಅತಿರೇಕವಾಗಿ ಕಂಡಿತ್ತು, ಈಗಲೂ ಕಾಣುತ್ತದೆ. ಚಟುವಟಿಕೆ ಇದ್ದ ಮಾತ್ರಕ್ಕೆ ಪ್ರಯೋಜನ ಇದೆ ಎಂದಲ್ಲ. ಈರುಳ್ಳಿಯ ಜೀನೋಮ್ ನಮ್ಮದಕ್ಕಿಂತ ಐದು ಪಟ್ಟು ದೊಡ್ಡದು. ಅದರ ಒಂದೊಂದು ಅಕ್ಷರಕ್ಕೂ ಕೆಲಸವಿದ್ದರೆ ಈರುಳ್ಳಿಗೆ ನಮ್ಮ ಐದರಷ್ಟು ನಿಯಂತ್ರಣ ಯಾತಕ್ಕೆ ಬೇಕು ಎಂದು ಕೆನಡಾದ ರಯನ್ ಗ್ರೆಗರಿ ಕೇಳಿದ ಪ್ರಶ್ನೆಗೆ ಎಲ್ಲದಕ್ಕೂ ಕೆಲಸವಿದೆ ಎನ್ನುವವರಿಂದ ನೆಟ್ಟನೆಯ ಉತ್ತರ ಬಂದಿಲ್ಲ. ನಮ್ಮ ಜೀನೋಮಿನ ಅರ್ಧದ ಹತ್ತಿರದ ಭಾಗ ಜಿಗಿಯುವ ಜೀನ್‌ಗಳ ಅವಶೇಷ. ಅವು ಮತ್ತೆ ಜಿಗಿಯದಂತೆ ವೃಷಣಗಳಲ್ಲಿ ಕಾವಲು ಕಾಯುವುದೂ ಪೈ-ಆರ್‌ಎನ್‌ಎ ಎಂಬ ಗಿಡ್ಡ ಆರ್‌ಎನ್‌ಎಗಳೇ ಎಂಬುದು ತಮಾಷೆ. ಇವತ್ತು ಮನುಷ್ಯನ ಉದ್ದ ಆರ್‌ಎನ್‌ಎ ಜೀನ್‌ಗಳ ಪಟ್ಟಿ ಪ್ರೋಟೀನ್ ಜೀನ್‌ಗಳ ಪಟ್ಟಿಯಷ್ಟೋ ಅದಕ್ಕಿಂತಲೋ ಉದ್ದವಿದೆ. ಅದರಲ್ಲಿ ತೆಗೆದು ನೋಡಿ ಕೆಲಸ ಸಾಬೀತಾದವು ಸಣ್ಣ ಪಾಲು. ಮಲಾಟ್-1 ಎಂಬುದು ನಮ್ಮ ಕೋಶಗಳಲ್ಲಿ ರಾಶಿ ರಾಶಿ ಇದೆ. ಇಲಿಯಿಂದ ಅದನ್ನು ಪೂರ್ತಿ ತೆಗೆದರೂ ಇಲಿ ಚೆನ್ನಾಗಿಯೇ ಬೆಳೆಯಿತು. ಕ್ಯಾನ್ಸರಿನಲ್ಲಿ ಇಂಥದ್ದೊಂದು ಆರ್‌ಎನ್‌ಎ ಏರಿತು, ಇಳಿಯಿತು ಎಂಬ ಪ್ರಬಂಧಗಳು ವಾರಕ್ಕೊಂದರಂತೆ ಬರುತ್ತವೆ. ಏರಿದ್ದು ಕಾರಣವೋ ಪರಿಣಾಮವೋ ಎಂದು ಕೇಳದ ಪ್ರಬಂಧವನ್ನು ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಧಾರಾಳವಾಗಿ ಬದಿಗಿಡಬಹುದು.

ಕೊನೆಗೆ ಔಷಧಿಯ ಮಾತು, ಎಲ್ಲರೂ ಕೇಳುವುದು ಅದನ್ನೇ. ಮೈಕ್ರೋ ಆರ್‌ಎನ್‌ಎಯನ್ನೇ ಔಷಧಿ ಮಾಡುವ ಯತ್ನಗಳು ಈವರೆಗೆ ದಡ ಸೇರಿಲ್ಲ. ಕ್ಯಾನ್ಸರಿಗೆಂದು ಎಂಐಆರ್-34ರ ಪ್ರತಿರೂಪ ಕೊಟ್ಟ ಪ್ರಯೋಗವನ್ನು, ರೋಗನಿರೋಧ ವ್ಯವಸ್ಥೆ ತಿರುಗಿಬಿದ್ದು ರೋಗಿಗಳಿಗೆ ತೀವ್ರ ತೊಂದರೆಯಾದ್ದರಿಂದ, 2016ರಲ್ಲಿ ನಿಲ್ಲಿಸಬೇಕಾಯಿತು. ಹೆಪಟೈಟಿಸ್ ಸಿ ವೈರಸ್ ನಮ್ಮ ಲಿವರಿನ ಎಂಐಆರ್-122 ಅನ್ನೇ ಆಸರೆ ಮಾಡಿಕೊಂಡು ಬದುಕುತ್ತದೆ. ಅದನ್ನು ಕಟ್ಟಿಹಾಕುವ ಔಷಧಿ ರೋಗಿಗಳಲ್ಲಿ ವೈರಸ್ಸನ್ನು ಇಳಿಸಿತು ಕೂಡ. ಅಷ್ಟರಲ್ಲಿ ವೈರಸ್ಸನ್ನು ನೇರವಾಗಿ ಹೊಡೆಯುವ ಮಾತ್ರೆಗಳು ಬಂದು ಇದರ ಅಗತ್ಯವೇ ಉಳಿಯಲಿಲ್ಲ. ದಡ ಸೇರಿದ್ದು ಫೈರ್ ಮತ್ತು ಮೆಲ್ಲೊ ಕಂಡ ಜೋಡಿ ಎಳೆಯ ದಾರಿ. ನರಗಳನ್ನೂ ಹೃದಯವನ್ನೂ ಕೆಡಿಸುವ ಒಂದು ಅಪರೂಪದ ಆನುವಂಶಿಕ ಕಾಯಿಲೆಗೆ ಪಟಿಸಿರಾನ್ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕೊಲೆಸ್ಟ್ರಾಲಿಗೆ ಇನ್‌ಕ್ಲಿಸಿರಾನ್ ಬಂದಿದೆ: ಮೊದಲ ಚುಚ್ಚುಮದ್ದು, ಮೂರು ತಿಂಗಳಿಗೆ ಇನ್ನೊಂದು, ಆಮೇಲೆ ಆರು ತಿಂಗಳಿಗೊಂದು. ಲಿವರಿನ ಕೋಶದೊಳಗೆ ಒಂದೇ ಒಂದು ಪ್ರೋಟೀನಿನ ಎಂಆರ್‌ಎನ್‌ಎಯನ್ನು ಅದು ಕತ್ತರಿಸುತ್ತ ಕೂರುತ್ತದೆ, ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಈ ಎರಡೂ ಔಷಧಿಗಳು ಕೆಲಸ ಮಾಡುವುದು ಲಿವರಿನಲ್ಲೇ; ಯಾಕೆ ಎಂದು ನೀವು ಕೇಳಬಹುದು. ಆರ್‌ಎನ್‌ಎಯನ್ನು ರಕ್ತಕ್ಕೆ ಬಿಟ್ಟರೆ ಕಿಣ್ವಗಳು ನಿಮಿಷಗಳಲ್ಲಿ ತಿಂದುಹಾಕುತ್ತವೆ. ಅದನ್ನು ಗಟ್ಟಿ ಮಾಡಿ, ಒಂದು ಬಗೆಯ ಸಕ್ಕರೆಯ ಕೊಂಡಿ ತಗುಲಿಸಿದರೆ ಲಿವರಿನ ಕೋಶಗಳು ಆ ಸಕ್ಕರೆಯನ್ನು ಗುರುತು ಹಿಡಿದು ಒಳಗೆಳೆದುಕೊಳ್ಳುತ್ತವೆ. ಇನ್‌ಕ್ಲಿಸಿರಾನ್ ಹೋಗುವುದು ಹಾಗೆ. ಸ್ನಾಯುವಿಗೆ, ಮಿದುಳಿಗೆ, ಮೂತ್ರಪಿಂಡಕ್ಕೆ ಅಷ್ಟು ಸಲೀಸಾದ ಕೊಂಡಿ ಇನ್ನೂ ಸಿಕ್ಕಿಲ್ಲ. ಯಾವ ಜೀನಿನ ಬಾಯಿ ಕಟ್ಟಬೇಕೆಂದು ಗೊತ್ತಿರುವ ಕಾಯಿಲೆಗಳು ಹಲವಿವೆ, ಕಟ್ಟುವ 22 ಅಕ್ಷರಗಳನ್ನು ಬರೆದುಕೊಡುವುದು ಈಗ ಒಂದು ಮಧ್ಯಾಹ್ನದ ಕೆಲಸ. ಅದನ್ನು ಬೇಕಾದ ಕೋಶದ ಬಾಗಿಲಿಗೆ ಮುಟ್ಟಿಸುವುದು ಹೇಗೆಂಬುದೇ ಇವತ್ತಿನ ಕಷ್ಟ. ಅದು ಜೀವವಿಜ್ಞಾನಕ್ಕಿಂತ ರಸಾಯನವಿಜ್ಞಾನದ ಕೆಲಸ, ಹಾಗಾಗಿ ಈ ಸಭೆಯ ಹಿಂದಿನ ಸಾಲುಗಳಲ್ಲಿ ಕೂತಿರುವ ಎಂ.ಎಸ್ಸಿ. ಕೆಮಿಸ್ಟ್ರಿಯವರು ಇದು ನಮ್ಮ ವಿಷಯವಲ್ಲ ಎಂದುಕೊಳ್ಳಬೇಕಾಗಿಲ್ಲ.